ಬೆಳಗಿನ ಕೋಡ್

ಭೈರವಾನಿತಿಪ್ಪದ ಬಸ್ಸಿಗಾಗಿ ರಾಯದುರ್ಗದ ಸ್ಟ್ಯಾಂಡಿನಲ್ಲಿ ಕಾದು ಕೂತಿದ್ದ ಸುಂಕಮ್ಮನಿಗೆ ಪಕ್ಕದ ಇಬ್ಬರ ಮಾತು ತಾನಾಗಿಯೇ ಕಿವಿಗೆ ಬಿತ್ತು. ಇಬ್ಬರೂ ಜೀನ್ಸ್ ಹೊಲಿಯುವ ಕಂಪನಿಯವರು, ಸಂಜೆ ಕೆಲಸ ಮುಗಿಸಿ ಬಂದಿದ್ದರು. ಓಬುಲೇಶ್ ಗೋಡೌನಿನವನು, ಶಿವಲೀಲಾ ಎಲ್ಲರ ಈಮೇಲ್ ನೋಡಿಕೊಳ್ಳುವವಳು.

“ಮೇಲ್ ತೆಗೆಯೋ ಕೋಡ್ ಇವತ್ತು ನನ್ನ ಫೋನಿಗೇ ಬಂತಲ್ಲ ತಂಗಿ?”

“ನಾನೇ ಬದಲಿ ಮಾಡೀನ್ರಿ ಅಣ್ಣಾ. ಇಷ್ಟು ದಿನ ನಿಮ್ಮ ಮನಿ ಅಕ್ಕನ ಫೋನಿಗೆ ಯಾಕ ಹೋಗ್ತಿತ್ತು?”

“ಮೊದಲು ನನ್ನ ಫೋನ್ ಕೆಟ್ಟಿತ್ತು. ಅಕಿ ನಂಬರ್ ಕೊಟ್ಟಿದ್ದೆ. ಮತ್ತ ಅದನ್ನೇ ಹಾಕಿಬಿಡು.”

“ಕೋಡ್ ಇನ್ನೊಬ್ಬರ ಕೈಗೆ ಹೋಗಬಾರದ್ರಿ.”

“ನನ್ನ ಹೆಂಡ್ತಿ ಇನ್ನೊಬ್ಬಳೇನು?”

ಶಿವಲೀಲಾ ನಕ್ಕಳು. ಅವನು ನಗಲಿಲ್ಲ.

“ಸಿಟ್ಟು ಮಾಡ್ಕೊಂಡು ಮಡಕಶಿರಾಕ್ಕ, ತವರಿಗೆ ಹೋಗ್ಯಾಳ. ದಿನಾ ಬೆಳಿಗ್ಗೆ ಫೋನ್ ಮಾಡಿ ಕೋಡ್ ಓದಿ ಇಟ್ಟುಬಿಡ್ತಾಳ. ನಮಗ ಉಳಿದಿದ್ದು ಅದೊಂದೇ ಮಾತು.”

“ಅಯ್ಯೋ, ಗೊತ್ತಿರಲಿಲ್ರಿ ಅಣ್ಣಾ.”

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅದರೊಳಗಿನ ಹೆಣ್ಣುದನಿ ಸುಂಕಮ್ಮನವರೆಗೂ ಕೇಳಿಸಿತು.

“ಇವತ್ತು ಕೋಡೇ ಬರ್ಲಿಲ್ಲ. ಕೆಲ್ಸಕ್ಕೆ ಹೋಗ್ಲಿಲ್ವಾ? ಮೈ ಹುಷಾರಿಲ್ವಾ?”

“ಹುಷಾರದೀನಿ. ಇನ್ನ ಅದು ನಿನಗ ಬರಂಗಿಲ್ಲ.”

ಆ ದನಿ ಸಣ್ಣಗಾಯಿತು. “ಹಂಗಾದ್ರೆ ನಾಳೆಯಿಂದ ನಾನ್ಯಾತಕ್ಕೆ ಫೋನ್ ಮಾಡ್ಲಿ?”

“ಮಾಡಬ್ಯಾಡ. ನಾನೇ ಬರ್ತೀನಿ.”

ಫೋನು ಜೇಬಿಗಿಟ್ಟವನು ಯಾವ ಕಡೆ ಹೋಗಲೆಂದು ತೋಚದೆ ನಿಂತ. ಸುಂಕಮ್ಮನಿಗೆ ತಡೆಯಲಾಗಲಿಲ್ಲ.

“ಮಡಕಶಿರಾ ಕಡೆ ಬಸ್ಸು ಆ ಮೂಲ್ಯಾಗ ನಿಂತದ ನೋಡಪ್ಪ. ಹೊಂಟೀತು, ಓಡು!”