ಒರೆಸಿದ ಜಾಗ

ನಂಬೋದಾದರೆ ನಂಬಿ, ಇಲ್ಲದಿದ್ದರೆ ದೀಪ ಆರಿಸಿ ಮಲಗಿ. ಇದು ಯಾವುದೋ ಕಾಲದ ಕತೆ ಅಲ್ಲ. ನಮ್ಮ ಎದುರುಮನೆಯಲ್ಲೇ ನಡೆದದ್ದು... ಕನ್ನಡಕದಂಗಡಿಯವನ ಮನೆಯಲ್ಲಿ.

ಅವತ್ತು ಅಂಗಡಿ ಮುಚ್ಚುವಾಗ ತಡವಾಗಿತ್ತು. ಕನ್ನಡಕದವನು ಒಬ್ಬನೇ ನಡೆದು ಬರುತ್ತಿದ್ದ. ದಾರಿಯಲ್ಲೊಂದು ಹಾಳುಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದನ್ನು ದಾಟಿದನೋ ಇಲ್ಲವೋ... ಹಿಂದಿನಿಂದ ಸದ್ದು. ಟಣ್... ಟಣ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ, ಟಣ್. ಯಾರೋ ಬೆರಳಿನ ಉಂಗುರದಿಂದ ತೆಳು ತಗಡನ್ನು ಕುಟ್ಟಿ ನೋಡಿದ ಹಾಗೆ. ತಿರುಗಿದ. ನರಪಿಳ್ಳೆ ಇಲ್ಲ. ಮೂಗಿಗೆ ಮಾತ್ರ ಎಣ್ಣೆಯ ವಾಸನೆ ಬಡಿಯಿತು. ಅಡುಗೆಮನೆಯದಲ್ಲ, ಇಂಜಿನ್ನಿನದು. ಆಸಾಮಿ ಎದ್ದೆನೋ ಬಿದ್ದೆನೋ ಅಂತ ಮನೆ ಸೇರಿದ.

ಮನೆಯಲ್ಲಿ, ಮೇಜಿನ ಮೇಲೆ, ವಿಮಾನ ಇತ್ತು.

ಇವನಿಗೊಂದು ಹುಚ್ಚು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಯುದ್ಧವಿಮಾನದ ಮಾದರಿ ಮಾಡುವುದು. ಗೇಣುದ್ದದ ವಿಮಾನ. ಬಣ್ಣ ಹೊಡೆದ ಮೇಲಾದರೂ ಸುಮ್ಮನಿರುತ್ತಾನಾ? ಅದನ್ನು ಹಳೆಯದು ಮಾಡುತ್ತಾನೆ. ಮೈಮೇಲಿನ ಸಂದುಗಳಿಗೆ ತೆಳು ಕಪ್ಪು ಬಣ್ಣ ಬಿಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುತ್ತಾನೆ. ಸಂದಿನೊಳಗಿನ ಕೊಳೆ ಮಾತ್ರ ಉಳಿಯುತ್ತದೆ. ಪೈಲಟ್ ಬೂಟಿಟ್ಟು ಹತ್ತುವ ಕಡೆ ಬಣ್ಣ ಸವೆದ ಹಾಗೆ ಸ್ಪಂಜಿನ ಚೂರಿನಿಂದ ಬೆಳ್ಳಿ ಬಣ್ಣ. ಹೊಗೆಕೊಳವೆಯ ಹಿಂದೆ ಮಸಿಯ ಪುಡಿ. ಅವನ ಹೆಂಡತಿ ನನ್ನ ಮುಂದೆಯೇ ಅಂದಿದ್ದಳು, "ದುಡ್ಡು ಕೊಟ್ಟು ಹೊಸದು ತರ್ತಾರೆ, ಕೂತು ಹಳೇದು ಮಾಡ್ತಾರೆ. ಗೋಡೆಗೆ ಒಂದು ಕೈ ಬಣ್ಣ ಹೊಡೀರಿ ಅಂದ್ರೆ ಮಾತ್ರ ಇವರಿಗೆ ಸೊಂಟನೋವು!"

ಆದರೆ ಈ ವಿಮಾನ ತಮಾಷೆಯದಲ್ಲ. ಅದು ಅವನ ಅಪ್ಪ ಹಾರಿಸುತ್ತಿದ್ದ ವಿಮಾನದ ಮಾದರಿ.

ಅಪ್ಪ ಯುದ್ಧದಲ್ಲಿ ಪೈಲಟ್. ಇವನು ತೊಟ್ಟಿಲಲ್ಲಿದ್ದಾಗ ಹಾರಿ ಹೋದವರು ವಾಪಸು ಬರಲಿಲ್ಲ. ಕೆಲವೇ ವರ್ಷಕ್ಕೆ ಅಮ್ಮನೂ ಹೋದಳು. ಸಾಕಿದ್ದು ಸೋದರಮಾವ. ಆ ಮಾವ ಅದೇ ವಿಮಾನದ ಮೆಕ್ಯಾನಿಕ್ಕು. ಸ್ವಂತ ಮಕ್ಕಳಿಗಿಂತ ಒಂದು ಕೈ ಮೇಲಾಗಿಯೇ ಇವನನ್ನು ನೋಡಿಕೊಂಡರು. ಓದಿಸಿದರು, ಅಂಗಡಿ ಹಾಕಿಕೊಟ್ಟರು, ಮದುವೆ ಮಾಡಿದರು. ಆದರೆ ಒಂದು ಮಾತು ಮಾತ್ರ ಆಗಾಗ ಹೇಳುತ್ತಿದ್ದರು. "ಇಂಜಿನ್ ಸರಿಯಿಲ್ಲ, ಇವತ್ತು ಬೇಡ ಭಾವ ಅಂದೆ. ಕೇಳಲಿಲ್ಲ. ಮೊಂಡ." ಹುಡುಗ ಹಟ ಮಾಡಿದರೆ, "ಅಪ್ಪನ ಬುದ್ಧಿ ಎಲ್ಲಿ ಹೋಗುತ್ತೆ?" ಕೇಳಿ ಕೇಳಿ ಇವನೂ ನಂಬಿದ. ತೊಟ್ಟಿಲಲ್ಲಿದ್ದ ಮಗನಿಗಿಂತ ಆ ಮನುಷ್ಯನಿಗೆ ತನ್ನ ಹಟವೇ ಹೆಚ್ಚಾಯಿತು ಅಂತ. ಗೋಡೆಗೆ ಅಪ್ಪನ ಫೋಟೋ ಕೂಡ ಹಾಕಲಿಲ್ಲ.

ಈಗ ಮಾವನಿಗೆ ವಯಸ್ಸಾಗಿತ್ತು. "ಕಣ್ಣು ಮುಚ್ಚೋಕೆ ಮುಂಚೆ ಆ ವಿಮಾನ ಇನ್ನೊಂದು ಸಲ ನೋಡ್ಬೇಕು ಕಣೋ. ಕೊನೇ ದಿನ ಹೇಗಿತ್ತೋ ಹಾಗೇ ಮಾಡು," ಅಂದರು. ಸಂಜೆ ಸಂಜೆ ಬಂದು ಪಕ್ಕ ಕೂರುತ್ತಿದ್ದರು. ಇಲ್ಲಿ ಬಣ್ಣ ಎದ್ದಿತ್ತು, ಇಲ್ಲಿ ಮಸಿ ಹಿಡಿದಿತ್ತು... ಎಲ್ಲ ಬಾಯಿಪಾಠ. ಇಂಜಿನ್ನಿನ ಕೆಳಗೆ, ಎಡಕ್ಕೆ, ಒಂದು ಜಾಗ ತೋರಿಸಿ, "ಇಲ್ಲಿ ಮಾತ್ರ ಕಲೆ ಬೇಡ. ಶುಭ್ರವಾಗಿತ್ತು," ಅಂದರು.

"ಹೊಟ್ಟೆಗೆ ಎಣ್ಣೆ ಮೆತ್ತದ ವಿಮಾನ ಯಾವ ಲೋಕದ್ದು ಮಾವ?"

"ಹೇಳಿದಷ್ಟು ಮಾಡೋ."

ಬಾವಿಯ ಹತ್ತಿರ ಹೆದರಿ ಬಂದ ಆ ರಾತ್ರಿ ನೋಡುತ್ತಾನೆ, ಅದೇ ಜಾಗದಲ್ಲಿ ಕಪ್ಪು ಗೆರೆ. ಹಸಿಯಾಗಿದೆ. ತನ್ನದೇ ಬಣ್ಣ ಇಳಿದಿರಬೇಕು ಅಂತ ಒರೆಸಿದ. ಬೆಳಿಗ್ಗೆ ಮತ್ತೆ ಇತ್ತು. ತಿನ್ನರ್ ಹಾಕಿ ತೊಳೆದ, ಹೊಸದಾಗಿ ಬಣ್ಣ ಹೊಡೆದ, ಒಣಗಿಸಿದ. ಮಾರನೇ ಬೆಳಿಗ್ಗೆ ಮತ್ತೆ. ಹೆಂಡತಿಯ ಮೇಲೆ ಹರಿಹಾಯ್ದ. "ನಿಮ್ಮ ಆಟದ ಸಾಮಾನು ಮುಟ್ಟೋಕೆ ನನಗೇನು ಬೇರೆ ಕೆಲಸ ಇಲ್ವಾ?" ಅಂದಳು. ಆ ರಾತ್ರಿ ಕತ್ತಲಲ್ಲೇ ಮೇಜಿನ ಮುಂದೆ ಕೂತ. ತುಂಬಾ ಹೊತ್ತು ಏನಿಲ್ಲ. ಆಮೇಲೆ... ಟಿಣ್. ಟಿಣ್. ಬಾವಿಯ ಹತ್ತಿರ ಕೇಳಿದ ಅದೇ ಸದ್ದು, ಗೇಣುದ್ದದ ವಿಮಾನಕ್ಕೆ ತಕ್ಕ ಹಾಗೆ ಚಿಕ್ಕದಾಗಿ. ಪ್ಲಾಸ್ಟಿಕ್ ಆ ಸದ್ದು ಮಾಡೋದಿಲ್ಲ. ಅದು ತಗಡಿನ ಸದ್ದು.

ಮರುದಿನ ಮಾವ ಬಂದರು. ಇವನು ಬಾಗಿಲು ಹಾಕಿದ, ದೀಪ ಆರಿಸಿದ.

"ಏನೋ ಇದು?"

"ಶ್... ಕೇಳಿ ಮಾವ."

ಟಿಣ್... ಟಿಣ್.

ಮಾವ ಗುರುತು ಹಿಡಿದುಬಿಟ್ಟರು. "ಉಂಗುರ..." ಅಂದರು.

"ಯಾರದು?"

"ಭಾವಂದು. ಹತ್ತೋಕೆ ಮುಂಚೆ ಸುತ್ತ ಬಂದು ಹೊಟ್ಟೆ ಕುಟ್ಟಿ ನೋಡ್ತಿದ್ರು. ಬೆರಳಲ್ಲಿ ಸವರ್ತಿದ್ರು. ಎಣ್ಣೆ ಸೋರಿದೆಯಾ ಅಂತ."

"ಸೋರಿತ್ತಾ?"

ಟಿಣ್.

"ಸೋರಿತ್ತು."

"ಅಪ್ಪ ನೋಡಿದ್ರಾ?"

"ಇಲ್ಲ... ಅವರು ಬರೋಕೆ ಮುಂಚೆ ಒರೆಸಿಬಿಟ್ಟೆ."

ಕತ್ತಲಲ್ಲೇ, ಪಿಸುಗುಟ್ಟಿಕೊಂಡೇ ಎಲ್ಲ ಹೊರಬಂತು. ಹಿಂದಿನ ರಾತ್ರಿ ಎಣ್ಣೆಯ ಪೈಪು ಬಿಗಿ ಮಾಡುವ ಕೆಲಸ ಮಾವನದು. ಇಸ್ಪೀಟಿಗೆ ಕೂತು ಮರೆತಿದ್ದರು. ಬೆಳಿಗ್ಗೆ ಎಣ್ಣೆ ಸೋರಿದ್ದು ಕಂಡಿತು. ಬಿಚ್ಚಿ ಬಿಗಿ ಮಾಡೋಕೆ ಹೊತ್ತಿರಲಿಲ್ಲ, ಮೇಲಿನವರಿಗೆ ಗೊತ್ತಾದರೆ ಶಿಕ್ಷೆ. ಒಂದು ಹಾರಾಟಕ್ಕೆ ಏನಾಗುತ್ತೆ ಅಂದುಕೊಂಡು ಬಟ್ಟೆ ತೆಗೆದುಕೊಂಡು ಒರೆಸಿದರು. ಭಾವ ಬಂದರು, ಕುಟ್ಟಿದರು, ಸವರಿದರು. ಬೆರಳಿಗೆ ಏನೂ ಅಂಟಲಿಲ್ಲ. "ಸರಿ ಇದೆಯಾ?" ಅಂತ ಕೇಳಿದರು. "ಸರಿ ಇದೆ, ಹೋಗ್ಬನ್ನಿ ಭಾವ," ಅಂದರು ಇವರು.

"ಬೇಡ ಅಂದೆ ಅಂತಿದ್ರಿ?"



ಬುದ್ಧಿ ತಿಳಿದಾಗಿನಿಂದ 'ನೀವು' ಅಂದವನ ಬಾಯಲ್ಲಿ ಅವತ್ತು 'ನೀನು' ಬಂತು. "ಅವರನ್ನ ಸಾಯೋಕೆ ಕಳಿಸಿದ್ದು ಒಂದು ಸಲ ಮಾವ. ಆಮೇಲೆ ಇಷ್ಟು ವರ್ಷ ನನ್ನ ಬಾಯಲ್ಲೇ ಅಪ್ಪನ್ನ ಬೈಸಿದೆಯಲ್ಲ."

"ನಿನ್ನನ್ನ ಎದೆ ಮೇಲೆ ಹಾಕ್ಕೊಂಡು ಸಾಕಿದೆನಲ್ಲೋ..."

"ಅದಕ್ಕೇ ಸಾಕಿದೆಯಾ?"

ಈ ಮನುಷ್ಯನ ಕೈಯಿಂದ ಉಂಡ ತುತ್ತೆಲ್ಲ ಗಂಟಲಿಗೆ ವಾಪಸು ಬಂದ ಹಾಗಾಯಿತು ಅಂತ ಕನ್ನಡಕದವನೇ ನನಗೆ ಹೇಳಿದ. ಹೇಳುವಾಗ ಅತ್ತ. ಊರಿಗೆಲ್ಲ ಕಣ್ಣು ಕೊಟ್ಟೆ, ನನ್ನ ಮನೆಯದೇ ನನಗೆ ಕಾಣಲಿಲ್ಲ ಅಂದ.

ಅವನು ದೀಪ ಹಾಕಿದ. ವಿಮಾನದ ಹೊಟ್ಟೆಯಿಂದ ಕಪ್ಪು ಗೆರೆ ಇಳಿಯುತ್ತಿತ್ತು. ಆಗ ಮಾವ... ಕೈಯ ಅಭ್ಯಾಸವೋ ಏನೋ... ಕೈ ಚಾಚಿ ಅಂಗೈಯಲ್ಲೇ ಒರೆಸಿಬಿಟ್ಟರು. "ಮುಟ್ಟಬೇಡ!" ಅಂತ ಇವನು ಕಿರುಚಿದ್ದು ನಮ್ಮ ಮನೆಗೇ ಕೇಳಿಸಿತು. ಅಷ್ಟರಲ್ಲಿ ಆಗಿಹೋಗಿತ್ತು.

ಆಮೇಲೆ ಸದ್ದಿಲ್ಲ, ಕಲೆಯೂ ಇಲ್ಲ. ಕನ್ನಡಕದವನೇ ಕೂತು ಆ ಜಾಗದಲ್ಲಿ ಎಣ್ಣೆಯ ಗೆರೆ ಬಿಡಿಸಿ ವಾರ್ನಿಷ್ ಹೊಡೆದ. ಮಾವನ ಮನೆ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ನಾನು ಹತ್ತಿದೆ. ಮೊನ್ನೆ ಮೊನ್ನೆ. ಮುದುಕರು ನನ್ನೆದುರೇ ನಲ್ಲಿ ಬಿಟ್ಟು, ಸೋಪು ಹಚ್ಚಿ, ಉಜ್ಜಿ ಉಜ್ಜಿ ಕೈ ತೊಳೆದುಕೊಂಡು ಬಂದು ಟೀ ಕೊಟ್ಟರು. ಗಾಜಿನ ಲೋಟದ ಮೇಲೆ ಐದು ಬೆರಳಿನ ಗುರುತು, ಕಪ್ಪಗೆ, ಜಿಡ್ಡುಜಿಡ್ಡಾಗಿ. ಹೊರಡುವಾಗ ಹೆಗಲು ಹಿಡಿದುಕೊಂಡು, "ಅವನು ಬರ್ತಾನೇನಪ್ಪಾ?" ಅಂದರು.

ಸುಳ್ಳು ಹೇಳಿ ನನಗೇನಾಗಬೇಕು? ಇದೇ ಅಂಗಿ ಹಾಕಿಕೊಂಡಿದ್ದೆ. ಇಲ್ಲಿ, ಎಡ ಹೆಗಲ ಮೇಲೆ... ದೀಪ ಸ್ವಲ್ಪ ಹತ್ತಿರ ತನ್ನಿ. ಎಷ್ಟು ಒಗೆದರೂ ಹೋಗಿಲ್ಲ.