ಒಂದೊಂದಕ್ಕೂ ಒಂದೊಂದು ಗೂಡು

ಒಂದೂರಲ್ಲಿ ಪ್ರೆಸ್ಸಿನ ಸಾಹುಕಾರನೊಬ್ಬನಿದ್ದ. ಯುಗಾದಿ ಬಂತೆಂದರೆ ಸುತ್ತ ಮೂವತ್ತು ಹಳ್ಳಿಗೂ ಅವನದೇ ಪಂಚಾಂಗ. ಅಚ್ಚುಮೊಳೆಯ ಕಾಲ ಮುಗಿದ ಮೇಲೆ ಲಿನಕ್ಸ್ ಕಂಪ್ಯೂಟರ್ ತಂದ. ತಂದವನು ಸುಮ್ಮನಿದ್ದನೇ? ಪುಟ ಕಟ್ಟುವುದೊಂದು, ಅಕ್ಷರದ್ದೊಂದು, ಚಿತ್ರದ್ದೊಂದು, ಕಂಡ ಕಂಡ ಸಾಫ್ಟ್‌ವೇರನ್ನೆಲ್ಲ ತಾನೇ ಹಾಕಿದ. ನೋಡಿ, ಸಾಫ್ಟ್‌ವೇರ್ ಎಂದರೆ ಒಂದೇ ಫೈಲಲ್ಲ, ನೂರಾರು ಫೈಲುಗಳ ಸಂಸಾರ. ಅವನು ಎಲ್ಲರ ಸಂಸಾರವನ್ನೂ ಒಂದೇ ಡೈರೆಕ್ಟರಿಗೆ, ಅಂದರೆ ಫೈಲುಗಳನ್ನಿಡುವ ಒಂದೇ ಗೂಡಿಗೆ, ಸುರಿದ. ಯಾವುದು ಯಾರದ್ದು? ಆ ದೇವರಿಗೇ ಗೊತ್ತು.

ಯುಗಾದಿಗೆ ನಾಲ್ಕೇ ದಿನ. ಹಳೆಯ ಅಕ್ಷರದ ಸಾಫ್ಟ್‌ವೇರ್ ಇನ್ನೇಕೆಂದು, ಇದು ಅದರದ್ದೇ ಇರಬೇಕು, ಇದೂ ಅದರದ್ದೇ ಎಂದು ಅಂದಾಜಿನ ಮೇಲೆ ಅಳಿಸುತ್ತ ಹೋದ. ಕೈ ಒರೆಸಿಕೊಂಡು ಕೂತರೆ, ಪುಟ ಕಟ್ಟುವ ಸಾಫ್ಟ್‌ವೇರೇ ತೆರೆಯಲೊಲ್ಲದು. ಅಪ್ಪನ ಕಾಲದಿಂದ ಒಂದು ವರ್ಷವೂ ತಪ್ಪದ ಪಂಚಾಂಗ ತನ್ನ ಕಾಲದಲ್ಲಿ ನಿಂತುಹೋಗುತ್ತದಲ್ಲ ಎಂದು ಮತ್ತೆ ಮತ್ತೆ ಒತ್ತಿ ನೋಡಿದ. ಯುಗಾದಿ ಮುಗಿದ ಮೇಲೆ ಬಂದ ಪಂಚಾಂಗ, ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿ. ಯಾರಿಗೆ ಬೇಕು?

ಹಿಂದೆ ಅಲ್ಲಿ ಮೊಳೆ ಜೋಡಿಸುತ್ತಿದ್ದ ಹೆಣ್ಣುಮಗಳೇ ಈಗ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅವಳು ನೋಡಿ ನಕ್ಕಳು.

“ಸಾವ್ಕಾರ್ರ, ‘ಕ’ ಮೊಳಿ ‘ಮ’ ಗೂಡಿನ್ಯಾಗ ಬಿದ್ರ ದಿನಾ ನಮಗ ಬೈತಿದ್ರಿ. ಈಗ ನೀವ ಎಲ್ಲಾ ಒಂದ ಚೀಲದಾಗ ಸುರುವೀರಿ.”

ಸಾಹುಕಾರನಿಗೆ ನಾಚಿಕೆಯಾಯಿತು. ಅವಳು ಎಲ್ಲವನ್ನೂ, ಆ ಹಳೆಯ ಅಕ್ಷರದ್ದನ್ನೂ ಸೇರಿಸಿ, ಹೊಸದಾಗಿ ಹಾಕಿದಳು. ಒಂದೊಂದಕ್ಕೂ ಅದರದೇ ಹೆಸರಿನ ಡೈರೆಕ್ಟರಿ. ಅದರ ಸಂಸಾರವೆಲ್ಲ ಅಲ್ಲೇ. ಎಲ್ಲರೂ ಓಡಾಡುವ ಜಾಗದಲ್ಲಿ ಇಟ್ಟದ್ದು ಬರೀ ಲಿಂಕು, ಮನೆ ಅಲ್ಲಿದೆ ಎಂದು ತೋರಿಸುವ ಫಲಕ. ಆಮೇಲೆ, “ಈಗ ಆ ಹಳೇ ಅಕ್ಷರದ್ದನ್ನ ನೀವ ತೆಗೀರಿ” ಅಂದಳು. ಸಾಹುಕಾರ ಅದೊಂದೇ ಡೈರೆಕ್ಟರಿ ಅಳಿಸಿದ, ಅದರ ಫಲಕ ಕಿತ್ತ, ಪುಟ ಕಟ್ಟುವುದನ್ನು ಒತ್ತಿದ. ತೆರೆಯಿತು. ಯುಗಾದಿಯ ಹಿಂದಿನ ದಿನ ಮೂವತ್ತು ಹಳ್ಳಿಗೂ ಪಂಚಾಂಗ ಮುಟ್ಟಿತು.

ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ಮನಸ್ಸು ಹೇಗಿದೆ? ಅಂಗಡಿಯ ಸಿಟ್ಟು ಅಡುಗೆಮನೆಯಲ್ಲಿ, ಬೀಗರ ಮೇಲಿನ ಮುನಿಸು ಪೂಜೆಯಲ್ಲಿ, ಫೋನು ಊಟದ ತಟ್ಟೆಯ ಪಕ್ಕದಲ್ಲಿ. ಒಂದು ದಿನ ಸಿಟ್ಟು ಬಿಡುತ್ತೇನೆಂದು ಹೊರಡುತ್ತೀರಿ. ಬಿಡುವುದೇನು? ಹೆಂಡತಿಯ ಹತ್ತಿರ ಮಾತು ಬಿಡುತ್ತೀರಿ! ಅದೇ ನೋಡಿ ಅಂದಾಜಿನ ಮೇಲೆ ಅಳಿಸುವುದು.

ಇವತ್ತಿನಿಂದ ಅಂಗಡಿಯ ಸಿಟ್ಟನ್ನು ಅಂಗಡಿಯಲ್ಲೇ ಇಟ್ಟು ಬೀಗ ಹಾಕಿ ಬನ್ನಿ. ಊಟಕ್ಕೆ ಕೂತರೆ ಊಟ, ಮಾತಿಗೆ ಕೂತರೆ ಮಾತು. ಹಾಗಿದ್ದರೆ ಸಿಟ್ಟು ಬಿಡುವ ದಿನ ಸಿಟ್ಟೊಂದೇ ಹೋಗುತ್ತದೆ. ಮನೆಯವರು ಉಳಿಯುತ್ತಾರೆ.