ಬೇಗ ತೆರೆದ ಕಿಂಡಿ

ದೀಪ ಸ್ವಲ್ಪ ಸಣ್ಣಗೆ ಮಾಡಿ, ಈ ಕತೆಗೆ ಅಷ್ಟು ಬೆಳಕು ಬೇಡ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಹಿಮಬೆಟ್ಟದ ಮೇಲಿನ ನಮ್ಮ ಊರು ರೀಡ್‌ಮಾಟ್‌ನಲ್ಲೇ, ನಮ್ಮ ತಾಯಿಯ ಚಿಕ್ಕಪ್ಪನ ಮಗಳು ಫಿಲೊಮೀನಳಿಗೆ ಆದದ್ದು. ಆಗಿನ್ನೂ ಕಣಿವೆಯಿಂದ ಊರಿಗೆ ಬಸ್ಸು ಬರುತ್ತಿರಲಿಲ್ಲ.

ಡಿಸೆಂಬರಿನ ಒಂದು ರಾತ್ರಿ. ಕೆಳಗಿನ ಊರಿನ ಡಾಕ್ಟರ ಮನೆಯಿಂದ ಅವಳು ಒಬ್ಬಳೇ ಹತ್ತಿ ಬರುತ್ತಿದ್ದಳು. ಕೈಯಲ್ಲಿ ಲಾಟೀನು, ಜೇಬಿನಲ್ಲಿ ಅವ್ವನಿಗೆ ಔಷಧದ ಸೀಸೆ. ಮರದ ಸೇತುವೆ ದಾಟಿದಳು. ಕೆಳಕೇರಿ ಇದ್ದ ಜಾಗ ಬಂತು... ಅಲ್ಲಿ ಈಗ ಬರೀ ಬಯಲು. ಮುತ್ತಜ್ಜನ ಕಾಲದಲ್ಲಿ ಬೆಟ್ಟದ ಮೇಲಿನ ಹಿಮ ಕುಸಿದು ಬಂದು ಮನೆಗಳನ್ನೂ ಗಿರಣಿಯನ್ನೂ ಒಂದೇ ರಾತ್ರಿಯಲ್ಲಿ ಹೊತ್ತುಕೊಂಡು ಹೋಗಿತ್ತು. ಎಷ್ಟೋ ಜನರ ಹೆಣ ಸಿಗಲೇ ಇಲ್ಲ. ಅಲ್ಲಿ ಕತ್ತಲಾದ ಮೇಲೆ ಯಾರೂ ನಿಂತು ಮಾತಾಡುವುದಿಲ್ಲ, ಅವಳೂ ತಲೆ ತಗ್ಗಿಸಿ ಬಿರಬಿರನೆ ನಡೆದಳು.

ಊರ ನಡುವಿನ ನೀರಿನ ತೊಟ್ಟಿ ಬಂತು. ಮೇಲೆ ಮಂಜುಗಡ್ಡೆ ಕಟ್ಟಿತ್ತು, ಅಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಇನ್ನೇನು ಮನೆ ಸಿಕ್ಕಿತು ಎನ್ನುವಾಗ...

ಟಕ್.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಟಕ್ ಟಕ್.

ಒಣಮರದ ಮೇಲೆ ಬೆರಳ ಗೆಣ್ಣಿನಿಂದ ಬಡಿದ ಸದ್ದು. ಅವಳ ಮನೆಯ ಹಿಂಗೋಡೆಯಿಂದಲೇ ಬರುತ್ತಿತ್ತು, ಅವ್ವ ಮಲಗಿದ್ದ ಕೋಣೆಯ ಗೋಡೆಯಿಂದ. ಅವಳು ಸುತ್ತು ಹಾಕಿ ಹೋಗಿ ಲಾಟೀನು ಎತ್ತಿ ಹಿಡಿದಳು. ಯಾರೂ ಇಲ್ಲ. ಸಂಜೆ ಬಿದ್ದ ಹಿಮ ಬಿದ್ದ ಹಾಗೇ ಇತ್ತು, ಅದರ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಅವಳು ನೋಡುತ್ತಿದ್ದ ಹಾಗೇ, ಅವಳ ಮುಖದ ಮುಂದೆಯೇ, ಗೋಡೆ ಮತ್ತೆ ಸದ್ದು ಮಾಡಿತು.

ಒಳಗೆ ಅವ್ವನ ಪಕ್ಕ ಅಂಬ್ರೋಸ್ ಮಾಮ ಕೂತಿದ್ದ. ಚರ್ಚಿನ ಗಂಟೆ ಹೊಡೆಯುವವನು, ಪಕ್ಕದ ಮನೆಯವನು. ಅವನ ಮುಖ ಬಿಳಿಚಿಕೊಂಡಿತ್ತು. ಅವನಿಗೂ ಕೇಳಿಸಿತ್ತು.

ಇಲ್ಲಿ ಫಿಲೊಮೀನಳ ಸ್ವಭಾವ ಹೇಳಬೇಕು. ಎಲ್ಲದರಲ್ಲೂ ಅವಸರ. ಹುಲ್ಲು ಕೊಯ್ಯುವುದರಲ್ಲಿ ಅವಳೇ ಮೊದಲು, ಹಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆಯುವುದರಲ್ಲೂ ಅವಳೇ ಮೊದಲು. ಇವಳು ಪೂಜೆಗೆ ಬಂದ ಮೇಲೆ ನಾನು ಗಂಟೆ ಹೊಡೆಯುವುದು ಎಂದು ಅಂಬ್ರೋಸನೇ ಗೇಲಿ ಮಾಡುತ್ತಿದ್ದ. ಕೆಲಸದಲ್ಲಿ ಅವಸರ ಇದ್ದರೆ ಯಾರಿಗೇನು ನಷ್ಟ? ಆದರೆ ಸಾವಿನ ಮನೆಯಲ್ಲಿ ಅವಸರ ಮಾಡಬಾರದು.

ನಮ್ಮ ಹಳೆಯ ಮನೆಗಳಲ್ಲಿ ಹಾಸಿಗೆಯ ಮೇಲಿನ ಗೋಡೆಗೆ ಅಂಗೈ ಅಗಲದ ಒಂದು ಕಿಂಡಿ ಇರುತ್ತದೆ, ಅದಕ್ಕೊಂದು ಜಾರುವ ಹಲಗೆ. ಬದುಕಿರುವವರಿಗಾಗಿ ಅದನ್ನು ಎಂದೂ ತೆಗೆಯುವುದಿಲ್ಲ. ಉಸಿರು ನಿಂತ ಮೇಲೆ ಹಲಗೆ ಸರಿಸಬೇಕು, ಜೀವ ಹೊರಗೆ ಹೋಗುತ್ತದೆ, ಕೂಡಲೇ ಮುಚ್ಚಬೇಕು. ಮುಚ್ಚದಿದ್ದರೆ ಹೋದದ್ದು ತಿರುಗಿ ಬರಬಹುದು... ಇಲ್ಲವೇ ಬೇರೆ ಯಾವುದಾದರೂ ಬರಬಹುದು. ಹಿಂದಿನ ವಾರ ಅವ್ವ ಅಗಾತಾಳ ಉಸಿರು ನಿಂತಂತಾಯಿತು. ಫಿಲೊಮೀನ ಕನ್ನಡಿ ಹಿಡಿದಳು, ಅದರ ಮೇಲೆ ಆವಿ ಕಟ್ಟಲಿಲ್ಲ. ಹಲಗೆ ಸರಿಸಿದಳು, ಅವ್ವಾ ಹೋಗಿ ಬಾ ಎಂದಳು, ಮುಚ್ಚಿದಳು. ಕಣ್ಣು ಒರೆಸಿಕೊಂಡು ತಿರುಗುವಷ್ಟರಲ್ಲಿ ಅವ್ವ ಮತ್ತೆ ಉಸಿರಾಡುತ್ತಿದ್ದಳು.

ಅಂದಿನಿಂದ ಹೀಗೆ. ಬಾಯಿಗೆ ಹಾಲು ಹಾಕಿದರೆ ನುಂಗುತ್ತಾಳೆ. ಮೈ ಬೆಚ್ಚಗಿದೆ. ಅರ್ಧ ತೆರೆದ ಕಣ್ಣಿನಲ್ಲಿ ಮಾತ್ರ ಯಾರೂ ಇಲ್ಲ.

ಅಂಬ್ರೋಸ್ ಪಿಸುದನಿಯಲ್ಲಿ ಕೇಳಿದ. “ಹಲಗೆ ಯಾವಾಗ ಸರಿಸ್ದೆ?”

“ಉಸ್ರು ನಿಂತ ಕೂಡ್ಲೆ ಮಾಮ.”

“ನಿಂತಿರ್ಲಿಲ್ವಲ್ಲೇ ಮಗಳೇ.”

ಅವಳ ಬದಲು ಗೋಡೆಯೇ ಮಾತಾಡಿತು. ಟಕ್... ಟಕ್ ಟಕ್. ಒಂದು ಸಲ, ಸ್ವಲ್ಪ ತಡೆದು ಎರಡು ಸಲ. ಅಗಾತಾ ಯಾರ ಮನೆಗೆ ಹೋದರೂ ಬಾಗಿಲು ಬಡಿಯುತ್ತಿದ್ದದ್ದು ಹಾಗೆಯೇ, ಊರಿಗೆಲ್ಲ ಗೊತ್ತು.

“ಹೊರಗಿರೋದು ನಿಮ್ಮವ್ವ,” ಎಂದ ಅಂಬ್ರೋಸ್. “ಒಳಗಿರೋದು ಬರೀ ಉಸ್ರು.”

“ಹಂಗಾದ್ರೆ ಈಗ್ಲೇ ತೆಗೀತೀನಿ.”

ಅವನು ಅವಳ ಕೈ ಹಿಡಿದುಕೊಂಡ. “ಈ ವಾರ ಬೇಡ ಕಣೇ. ಉಪವಾಸದ ವಾರ. ಮೇಲಿಂದ ಅವ್ರು ಇಳಿಯೋ ರಾತ್ರಿಗಳು. ಅವ್ರಿಗೆ ಯಾರ ಮನೆ ಕಿಂಡಿಯಾದ್ರೇನು? ಶನಿವಾರ ಕಳೀಲಿ, ಭಾನುವಾರ ನಾನೇ ಬಂದು ತೆಗೀತೀನಿ.”

ನಮ್ಮೂರಲ್ಲಿ ಸತ್ತವರೆಲ್ಲ ನೆಟ್ಟಗೆ ಸ್ವರ್ಗಕ್ಕೆ ಹೋಗುವುದಿಲ್ಲ. ಪಾಪ ತೀರುವವರೆಗೆ ಮೇಲಿನ ಹಿಮನದಿಯ ಗಡ್ಡೆಯೊಳಗೆ ನಿಂತಿರುತ್ತಾರೆ. ವರ್ಷದ ಕೆಲವು ರಾತ್ರಿ ಮಾತ್ರ ಅವರಿಗೆ ಬಿಡುವು, ಆಗ ಸಾಲಾಗಿ ಇಳಿದು ಮನೆಗಳ ಹಿಂದಿನ ದಾರಿಯಲ್ಲಿ ಹಾದು ಹೋಗುತ್ತಾರೆ. ಆ ದಾರಿಗೆ ಅಡ್ಡವಾಗಿ ನಮ್ಮಲ್ಲಿ ಯಾರೂ ಸೌದೆ ಕೂಡ ಒಟ್ಟುವುದಿಲ್ಲ.

ಫಿಲೊಮೀನ ಪಾದ್ರಿಯ ಹತ್ತಿರ ಹೋದಳು. ಚಳಿಗೆ ಮರ ಬಿಗಿಯುತ್ತದಮ್ಮ, ಅದೇ ಸದ್ದು ಎಂದರು ಅವರು. ಡಾಕ್ಟರಂತೂ ಭಾನುವಾರದ ತನಕ ಈ ಉಸಿರು ಉಳಿದರೆ ಹೆಚ್ಚು ಎಂದಿದ್ದರು. ಅಷ್ಟರೊಳಗೆ ಉಸಿರು ನಿಂತರೆ ಅವ್ವ ಸೇರುವುದಾದರೂ ಎಲ್ಲಿಗೆ? ಒಳಗೂ ಇಲ್ಲ, ಮೇಲೂ ಇಲ್ಲ, ಹಿಂಗೋಡೆಯ ಹೊರಗೆ ಚಳಿಯಲ್ಲಿ. ಅದನ್ನು ನೆನೆದರೆ ಅವಳಿಗೆ ಕೂಳು ಇಳಿಯುತ್ತಿರಲಿಲ್ಲ.

ಶುಕ್ರವಾರ ರಾತ್ರಿ ಅವ್ವನ ಉಸಿರು ತಡೆತಡೆದು ಬರತೊಡಗಿತು. ಒಂದು ಉಸಿರು... ಇನ್ನೊಂದು ಬರುವಷ್ಟರಲ್ಲಿ ಒಂದು ಜಪ ಮುಗಿಯುತ್ತಿತ್ತು. ಹೊರಗೆ ಬಡಿತ ಅವಸರವಾಯಿತು. ಅದರ ಹಿಂದೆ ಇನ್ನೊಂದು ಸದ್ದು. ಗಟ್ಟಿ ಹಿಮದ ಮೇಲೆ ಬರಿಗಾಲು ಇಟ್ಟಾಗ ಆಗುವ ಕರಕ್ ಕರಕ್... ಒಂದಲ್ಲ, ನೂರಾರು. ಜೊತೆಗೆ ತುಟಿಯೊಳಗೇ ಜಪಮಾಲೆ ಎಣಿಸುವ ಗುಜುಗುಜು. ಬಟ್ಟೆಯಿಂದ ನೀರು ತೊಟ್ಟಿಕ್ಕುವ ತೊಟ್... ತೊಟ್. ಎಲ್ಲವೂ ಗೋಡೆಯ ಆಚೆಗೇ.

ಅವಳು ಅಂಬ್ರೋಸನನ್ನು ಕರೆಯಬೇಕೆಂದು ಎದ್ದಳು. ಬಾಗಿಲ ತನಕ ಹೋದಳು. ಹಿಂದೆ ಅವ್ವನ ಉಸಿರು ನಿಂತಿತು. ಮತ್ತೆ ಬರುತ್ತದೇನೋ ಎಂದು ಕಾದಳು... ಬರಲಿಲ್ಲ. ಓಡಿ ಬಂದು ಹಲಗೆ ಎಳೆದಳು. “ಬೇಗ ಬಾ ಅವ್ವಾ,” ಎಂದಳು. ಒದ್ದೆಯಾದ, ತಣ್ಣನೆಯ ಏನೋ ಒಂದು ಅವಳ ಮಣಿಕಟ್ಟನ್ನು ಸವರಿಕೊಂಡು ಒಳಗೆ ಬಂತು. ದಡಕ್ಕನೆ ಮುಚ್ಚಿದಳು.

ಅವ್ವ ಉದ್ದನೆಯ ಉಸಿರು ಎಳೆದಳು. ಕಣ್ಣು ತೆರೆದಳು. ಎದ್ದು ಕೂತಳು.

ಫಿಲೊಮೀನ ನಕ್ಕಳು, ಅತ್ತಳು, ಅವ್ವನ ಕಾಲು ಹಿಡಿದುಕೊಂಡಳು. ಒಲೆ ಊದಿ ಹಾಲು ಕಾಯಿಸಿ ರೊಟ್ಟಿ ನೆನೆಸಿ ಕೊಟ್ಟಳು. ಅವ್ವ ಬಟ್ಟಲು ಖಾಲಿ ಮಾಡಿ ಇನ್ನೊಂದು ಬಟ್ಟಲು ಕೇಳಿದಳು. ಅದನ್ನೂ ಮುಗಿಸಿ, ಕೋಣೆಯ ಸುತ್ತ ನೋಡಿ, ಬಹಳ ವಿನಯದಿಂದ ಕೇಳಿದಳು.

“ನೀನು ಯಾರ ಮನೆಯವಳು ತಾಯೀ? ಗಿರಣಿ ಸದ್ದು ಯಾಕೆ ಕೇಳಿಸ್ತಿಲ್ಲ?”

ಆಗಲೇ ಹೊರಗೆ... ಟಕ್. ಟಕ್ ಟಕ್.

ಊರಿಗೆ ಊರೇ ಬಂದು ನೋಡಿತು. ಪಾದ್ರಿಯವರು ದೇವರ ದಯೆ ಎಂದರು. ಮುದುಕಿ ಆಮೇಲೂ ಕೆಲವು ವರ್ಷ ಗಟ್ಟಿಮುಟ್ಟಾಗಿ ಬಾಳಿದಳು. ಕೆಟ್ಟವಳಲ್ಲ, ಹಾಗೆ ಹೇಳಿದರೆ ನನ್ನ ನಾಲಿಗೆ ಬಿದ್ದು ಹೋದೀತು. ಉಣ್ಣೆ ನೂಲುತ್ತಿದ್ದಳು, ಪ್ರತಿ ತುತ್ತಿಗೂ ಪುಣ್ಯ ಬರಲಿ ತಾಯೀ ಎನ್ನುತ್ತಿದ್ದಳು. ಸಂಜೆಯಾದರೆ ಕಿಟಕಿಯ ಬಳಿ ನಿಂತು ಕೆಳಕೇರಿಯ ಬಯಲು ನೋಡುತ್ತಿದ್ದಳು. ಇನ್ನೂ ಯಾರ ಮನೆಯಲ್ಲೂ ದೀಪ ಹಚ್ಚಿಲ್ಲವಲ್ಲ ಎಂದು ಕೊರಗುತ್ತಿದ್ದಳು.

ಫಿಲೊಮೀನ ಏನು ಮಾಡಬೇಕಿತ್ತು, ನೀವೇ ಹೇಳಿ. ಅಷ್ಟು ವರ್ಷ ಹಿಮದೊಳಗಿದ್ದವಳನ್ನು ಹೊರಗೆ ನೂಕುವುದು ಹೇಗೆ? ನೂಕಬೇಕಾದ ಮೈ ಅವ್ವನದು, ಅದೇ ಕೈ, ಅದೇ ನರೆಗೂದಲು. ಮುದುಕಿ ನಿದ್ದೆ ಹೋದ ಮೇಲೆ ಎಷ್ಟೋ ಸಲ ಅವಳು ಹಲಗೆ ಸರಿಸಿ ಕರೆದಳು. ಯಾರೂ ಬರಲಿಲ್ಲ. ಒಂದು ಮೈಯಲ್ಲಿ ಇಬ್ಬರು ಹಿಡಿಸುವುದಿಲ್ಲ ಎಂದ ಅಂಬ್ರೋಸ್. ಅದನ್ನು ಹೇಳಿ ಎದ್ದು ಹೋದವನು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಒಂದು ರಾತ್ರಿ ಬಡಿತ ಕೇಳಿ ಮುದುಕಿ ನೂಲುವುದು ನಿಲ್ಲಿಸಿದಳು.

“ಪಾಪ, ಯಾರೋ ಚಳೀಲಿ ನಿಂತಿದ್ದಾರೆ,” ಎಂದಳು. “ಒಳಗೆ ಕರೀಬಾರ್ದಾ ತಾಯೀ?”

ಫಿಲೊಮೀನ ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳಿಗೆ ಮುಖ ಒತ್ತಿಕೊಂಡು ಬೆಳಗಿನ ತನಕ ಅಲ್ಲೇ ಇದ್ದಳು.

ಮುದುಕಿ ಕೊನೆಗೆ ಒಂದು ವಸಂತದಲ್ಲಿ ತೀರಿಕೊಂಡಳು. ಈ ಸಲ ಫಿಲೊಮೀನ ಅವಸರ ಮಾಡಲಿಲ್ಲ, ಮೈ ಪೂರ್ತಿ ತಣ್ಣಗಾಗುವ ತನಕ ಕಾದು ಹಲಗೆ ಸರಿಸಿದಳು. ಹೋಗುವವಳು ಹೋದಳು. ಅವ್ವನ ಮೈಯನ್ನು ಚರ್ಚಿನ ಹಿಂದೆ ಮಣ್ಣು ಮಾಡಿದರು, ಹೊರಗೆ ನಿಂತವಳಿಗೆ ತಿರುಗಿ ಸೇರಲು ಮೈಯೇ ಉಳಿಯಲಿಲ್ಲ. ಆವತ್ತು ರಾತ್ರಿ ಅವಳು ಆ ಹಲಗೆಯನ್ನು ಕಿತ್ತು ಒಲೆಗೆ ಹಾಕಿದಳು.

ಹೋದ ಜನವರಿಯಲ್ಲಿ ದಾರಿ ಮುಚ್ಚಿಹೋಗಿ ನಾನು ಆ ಮನೆಯಲ್ಲಿ ತಂಗಬೇಕಾಯಿತು. ಫಿಲೊಮೀನಳೇ ಈಗ ಮುದುಕಿ. ಮಲಗುವುದು ಆ ಕಿಂಡಿಯ ಕೆಳಗೇ, ಕೋಟು ಟೋಪಿ ಹಾಕಿಕೊಂಡು. ತೆರೆದ ಕಿಂಡಿಯಿಂದ ಹಿಮದ ಪುಡಿ ಅವಳ ದಿಂಬಿನ ಮೇಲೆ ಉದುರುತ್ತಿತ್ತು. ನಡುರಾತ್ರಿ, ಕಿಂಡಿಯ ಪಕ್ಕದ ಮರದ ಮೇಲೆ... ಟಕ್. ಟಕ್ ಟಕ್.

“ತೆಗೆದೇ ಇದೆ ಅವ್ವಾ,” ಎಂದಳು ಫಿಲೊಮೀನ, ಕಣ್ಣು ಬಿಡದೆ.

ಬಡಿತ ನಿಲ್ಲಲಿಲ್ಲ. ಬೆಳಗಾಗುವ ತನಕ ನಿಲ್ಲಲಿಲ್ಲ. ಯಾರದೋ ಬಾಯಲ್ಲಿ ಕೇಳಿದ್ದಲ್ಲ ಇದು, ನಾನು ಎಚ್ಚರವಿದ್ದೆ.